ಧ್ವನಿಯ ದಾರಿಯನ್ನು ಬದಲಾಯಿಸುವ ಕ್ರಮ

ಸಭೆಯಲ್ಲಿ ಹಾಡುವವಳ ಧ್ವನಿಯು ಕಡೇ ಸಾಲಿನವರ ಕಿವಿಗೆ ಮುಟ್ಟದೆ ಹೋದರೆ ಆಕೆಯ ಅನೇಕ ದಿವಸಗಳ ಅಭ್ಯಾಸವು ನಿಷ್ಫಲವಾಗುವದು. ಮಗಳ ಹಾಡನ್ನು ಕೇಳಲಿಕ್ಕೆ ದೂರದ ಊರಿನಿಂದ ಬಂದ ತಾಯಿತಂದೆಗಳಿಗೂ ವ್ಯಸನವುಂಟಾಗುವದು. ಇಂಥಾ ಸಮಯದಲ್ಲಿ ಹೊರಗಿನ ಯಂತ್ರಜ್ಞನ ದಾರಿಯನ್ನು ಕಾಯುವದಕ್ಕಿಂತ, ನಮ್ಮ ಹುಡುಗಿಯರೇ ಡಿಜಿಟಲ್ ಮಿಕ್ಸರ್ ಎಂಬ ಯಂತ್ರದ ಮರ್ಮವನ್ನು ಅರಿತಿರುವದು ಲೇಸೆಂದು ನಾವು ಎಣಿಸುತ್ತೇವೆ. ಅನೇಕ ಶಾಲೆಗಳಲ್ಲಿಯೂ ದೇವಾಲಯಗಳಲ್ಲಿಯೂ ಈ ಯಂತ್ರವಿರುವದರಿಂದ ಹಳೇ ವಿದ್ಯಾರ್ಥಿನಿಯರಿಗೂ ಈ ವಿಷಯವು ಪ್ರಯೋಜನವಾದೀತು.

ಹಳೇ ತರದ ಮಿಕ್ಸರಿನಲ್ಲಿ ಮೈಕಿನ ತಂತಿಯನ್ನು ಸಿಕ್ಕಿಸುವ ಸಾಕೆಟ್ಟಿಗೂ ಧ್ವನಿಯನ್ನು ಏರಿಸಿ ಇಳಿಸುವ ಚಾನೆಲಿಗೂ ಒಳಗಿನ ತಂತಿಯಿಂದ ಬಿಡದ ನಂಟು ಇರುತ್ತದೆ. ಡಿಜಿಟಲ್ ಮಿಕ್ಸರಿನಲ್ಲಾದರೋ ಇವೆರಡೂ ಬೇರೆ ಬೇರೆ. ಹೇಗಂದರೆ, ಸಾಕೆಟ್ಟು ತರಗತಿಯ ಬೆಂಚಿನ ಹಾಗೆ. ಚಾನೆಲು ಹಾಜರಿ ಪಟ್ಟಿಯ ಕ್ರಮಸಂಖ್ಯೆಯ ಹಾಗೆ. ಹುಡುಗಿಯು ಬೆಂಚನ್ನು ಬದಲಾಯಿಸಿದರೂ ಆಕೆಯ ಸಂಖ್ಯೆಯು ಬದಲಾಗುವದಿಲ್ಲ. ಆದರೆ ಕಿಟಿಕಿಯ ಬೆಳಕು ಆಕೆಯ ಸಂಗಡ ಹೋಗದೆ ಆ ಬೆಂಚಿಗೇ ಉಳಿಯುತ್ತದೆ.

೨೦೧೨ರಲ್ಲಿ ಹೊರಬಂದ ಬೆರಿಂಗರ್ ಎಕ್ಸ್ ೩೨ ಎಂಬ ಯಂತ್ರವನ್ನು ಉದಾಹರಣೆಗಾಗಿ ತೆಗೆದುಕೊಳ್ಳುವ. ಇದಕ್ಕೆ ೩೨ ಮೈಕ್ ಸಾಕೆಟ್ಟುಗಳಿವೆ. ಗಾಯನ ಮಂಡಲಿಯ ಮೈಕು ೩ನೇ ಚಾನೆಲಿನಲ್ಲಿದ್ದು, ೩ನೇ ಸಾಕೆಟ್ಟು ಕೆಟ್ಟಿತೆಂದು ತಿಳಿಯಿರಿ. ಮೊದಲು ೩ನೇ ಚಾನೆಲನ್ನು ಮ್ಯೂಟ್ ಮಾಡತಕ್ಕದ್ದು. ತಂತಿಯನ್ನು ಕಿತ್ತು ಬರಿದಾದ ೧೨ನೇ ಸಾಕೆಟ್ಟಿಗೆ ಸಿಕ್ಕಿಸಬೇಕು. ಬಳಿಕ ೩ನೇ ಚಾನೆಲಿನ ಸೆಲೆಕ್ಟ್ ಗುಂಡಿಯನ್ನೊತ್ತಿ, ಪರದೆಯ ಕಾನ್ಫಿಗ್ ಪುಟದಲ್ಲಿ ಸೋರ್ಸ್ ಎಂಬಲ್ಲಿ ೧೨ನೇ ಇನ್‌ಪುಟ್ಟನ್ನು ಆರಿಸಬೇಕು. ಚಾನೆಲಿನ ಹೆಸರು, ಸ್ವರದ ತಿದ್ದುಪಾಟು, ಫೇಡರಿನ ಸ್ಥಾನ ಇವೆಲ್ಲಾ ಇದ್ದ ಹಾಗೆಯೇ ಇರುವವು.

ಆದಾಗ್ಯೂ ಇಲ್ಲಿ ಎರಡು ವಿಷಯಗಳಲ್ಲಿ ಜಾಗ್ರತೆ ಬೇಕು. ಮೊದಲನೇದು, ಗೇನ್ ಎಂಬ ಮೂಲವರ್ಧನೆಯೂ ೪೮ ವೋಲ್ಟಿನ ಫ್ಯಾಂಟಮ್ ವಿದ್ಯುತ್ತೂ ಬೆಂಚಿನ ಬೆಳಕಿನಂತೆ ಸಾಕೆಟ್ಟಿಗೆ ಸೇರಿದವುಗಳು. ಅವು ಚಾನೆಲಿನ ಸಂಗಡ ಬರುವದಿಲ್ಲ. ಕಂಡೆನ್ಸರ್ ಮೈಕಿಗೆ ಈ ವಿದ್ಯುತ್ತು ಬೇಕಾದದರಿಂದ, ೧೨ನೇ ಸಾಕೆಟ್ಟಿನಲ್ಲಿ ಅದನ್ನು ಹೊಸದಾಗಿ ಕೊಡದಿದ್ದರೆ ಮೈಕು ಮೂಕವಾಗಿರುವದು. ಗೇನು ಅತಿಯಾಗಿದ್ದರೆ ಮಂದಿರವೆಲ್ಲಾ ಕಿರಿಚುವದು. ಎರಡನೇದು, ೧೨ನೇ ಚಾನೆಲು ಸಹ ಮೊದಲಿನಂತೆ ಅದೇ ಸಾಕೆಟ್ಟಿನಿಂದ ಧ್ವನಿಯನ್ನು ಪಡೆಯುತ್ತಿರುವದರಿಂದ ಅದನ್ನೂ ಮ್ಯೂಟ್ ಮಾಡಬೇಕು. ಇಲ್ಲವಾದರೆ ಒಂದೇ ಹಾಡು ಎರಡು ಕಡೆಯಿಂದ ಹೊರಡುವದು. ಇವೆಲ್ಲಾ ಸರಿಯಾದ ಮೇಲೆಯೇ ೩ನೇ ಚಾನೆಲಿನ ಮ್ಯೂಟನ್ನು ತೆಗೆಯತಕ್ಕದ್ದು.

ಮಾಡಿದ ಬದಲಾವಣೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವದು ಒಳ್ಳೇದು. ಯಾಕಂದರೆ ಮುಂದಿನ ಸಾರಿ ಬೇರೊಬ್ಬಳು ಆ ಸ್ಥಳದಲ್ಲಿ ಕೂತುಕೊಳ್ಳಬಹುದು. ಕಡೆಗೆ, ಪರದೆಯ ದೀಪಗಳನ್ನು ಮಾತ್ರ ನಂಬದೆ ಒಬ್ಬ ಹುಡುಗಿಯನ್ನು ಕಡೇ ಸಾಲಿನಲ್ಲಿ ನಿಲ್ಲಿಸಿ, ಮಾತು ಸ್ಪಷ್ಟವಾಗಿ ಕೇಳಿಸುತ್ತದೋ ಎಂದು ಆಕೆಯನ್ನು ಕೇಳಿರಿ. ಅಲ್ಲಿ ಕೂತ ತಾಯಿಗೆ ಮಗಳ ಸ್ವರವು ಮುಟ್ಟಿದರೆ ಯಂತ್ರದ ಕೆಲಸವು ನೆರವೇರಿತು.