ಮದುವೆಯಾದರೆ ಸರಿಹೋಗ್ತಾನೆಯೇ?

"ಒಂದು ಮದುವೆ ಅಂತ ಮಾಡಿಬಿಡಿ, ತಾನಾಗೇ ದಾರಿಗೆ ಬರ್ತಾನೆ." ಈ ಮಾತನ್ನು ನೀವೂ ಕೇಳಿದ್ದೀರಿ, ಬಹುಶಃ ಆಡಿಯೂ ಇದ್ದೀರಿ. ತುಂಟ ಹುಡುಗನ ಮಾತು ಬೇರೆ ಬಿಡಿ. ಚಿಕ್ಕಂದಿನಿಂದಲೇ ಕಳ್ಳತನ, ಸುಳ್ಳು, ಹೊಡೆದಾಟ. ಬೆಳೆದ ಮೇಲೂ ಅದೇ ಚಾಳಿ, ಮಾಡಿದ್ದಕ್ಕೆ ಪಶ್ಚಾತ್ತಾಪವೇ ಇಲ್ಲ. ಇದನ್ನು ಮನೋವೈದ್ಯರು ಸಮಾಜವಿರೋಧಿ ವ್ಯಕ್ತಿತ್ವದ ದೋಷವೆನ್ನುತ್ತಾರೆ.

ಅಮೆರಿಕದ ಸೇಂಟ್ ಲೂಯಿಯಲ್ಲಿ ಮಕ್ಕಳ ಚಿಕಿತ್ಸಾಲಯಕ್ಕೆ ಬಂದಿದ್ದ 524 ಮಂದಿಯನ್ನು ಲೀ ರಾಬಿನ್ಸ್ ಎಂಬ ವಿದುಷಿ ಮೂವತ್ತು ವರ್ಷಗಳ ನಂತರ ಹುಡುಕಿಸಿದರು. 1966ರಲ್ಲಿ ಬಂದ ಆಕೆಯ ಪುಸ್ತಕದಲ್ಲಿ ತಾಯಂದಿರಿಗೆ ಸ್ವಲ್ಪ ಸಮಾಧಾನವುಂಟು: ತೀರಾ ಹಾದಿ ತಪ್ಪಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವರಿಗೆ ದೊಡ್ಡವರಾದ ಮೇಲೆ ಈ ದೋಷ ಅಂಟಲಿಲ್ಲ.

ಅಂಟಿದವರೋ? ಅಯೋವಾದಲ್ಲಿ ಡಾ. ಡೊನಾಲ್ಡ್ ಬ್ಲಾಕ್ ಅಂಥ 71 ಗಂಡಸರ ಮುಂದಿನ ಬದುಕನ್ನು ಹುಡುಕಿ ನೋಡಿದರು. ಕೆಲವರು ಸುಧಾರಿಸಿದ್ದರು, ಬಹಳ ಜನ ಹಾಗೇ ಇದ್ದರು. ವಯಸ್ಸಾದಂತೆ ಹೊಡೆದಾಟ, ಪೊಲೀಸು ಕಡಿಮೆಯಾಗುವುದುಂಟು. ಮನೆಯೊಳಗಿನ ಸುಳ್ಳು, ಸಾಲ, ಸಿಡುಕು ಅಷ್ಟು ಸುಲಭಕ್ಕೆ ಹೋಗವು. ನಲವತ್ತಾಗುವವರೆಗೆ ಏಟು ತಿಂದು ಕಾಯಮ್ಮ ಅಂತ ಯಾರ ಮಗಳಿಗೆ ಹೇಳೋಣ?

ವರನ ಸಂಬಳ, ಸೈಟು ವಿಚಾರಿಸುವಾಗ, ತಾಯಿ-ತಂಗಿಯರನ್ನು ಹೇಗೆ ನಡೆಸಿಕೊಂಡ ಅಂತಲೂ ನೆರೆಯವರನ್ನು ಕೇಳಿ. ಈಗಾಗಲೇ ಏಟು ತಿನ್ನುತ್ತಿರುವವರು 181ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ.