ಕನಸಿನ ಜಲಪಾತ, ಲೆಕ್ಕದ ಕಣ್ಣು

ಗೋಕಾಕದಲ್ಲಿ ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಆ ನೀರು ಮಣ್ಣು ಬೆರೆತು ಕಂದಾಗುವುದನ್ನು ನಮ್ಮ ಭಾಗದ ವರ್ತಕ ಬಾಂಧವರೆಲ್ಲ ಬಲ್ಲರು. ಛಾಯಾಚಿತ್ರದಲ್ಲಿ ಮಾತ್ರ ಅದು ರೇಷ್ಮೆಯಂತೆ ನವಿರಾಗಿ ಇಳಿಯುವುದೆಂತು?

ಅದರಲ್ಲಿ ಕಪಟವಿಲ್ಲ. ಮಸೂರದ ಮುಂದೆ 10 ಸ್ಟಾಪ್‌ನ ಎನ್‌ಡಿ ಫಿಲ್ಟರ್ ಇರಿಸಿದರೆ ಬೆಳಕು ಸುಮಾರು 1,000 ಪಟ್ಟು ತಗ್ಗುತ್ತದೆ. ಸೆಕೆಂಡಿನ 1/60 ಭಾಗದಲ್ಲಿ ಮುಗಿಯುವ ಚಿತ್ರಕ್ಕೆ 17 ಸೆಕೆಂಡು ಬೇಕಾಗುತ್ತದೆ. ಅಷ್ಟರಲ್ಲಿ ಬಂಡೆ ಬಂಡೆಯಾಗಿಯೇ ಉಳಿದು, ಹರಿಯುವ ನೀರು ಮಂಜಾಗುತ್ತದೆ. ಟ್ರೈಪಾಡನ್ನು ನೆಲದ ಮೇಲೆಯೇ ಹೂಡಬೇಕು. ತೂಗುಸೇತುವೆಯು ಒಬ್ಬರು ನಡೆದರೂ ಅಲುಗುತ್ತದೆ.

ಮುಂದಿನದು ಗಣಕಯಂತ್ರದ ಕೆಲಸ. 1990ರಲ್ಲಿ ಬಂದ ಫೋಟೋಶಾಪ್‌ನ ಪದರಗಳ ಸೌಲಭ್ಯದಿಂದ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಂಜೆಯ ಆಗಸವನ್ನು ಜಲಪಾತದ ಮೇಲೆ ಹೊದಿಸಬಹುದು. ಮೂಡಲಗಿಯ ಕಬ್ಬಿನ ಗದ್ದೆಯನ್ನು ನೀಲಿಯಾಗಿಸಬಹುದು. ಆದರೆ ಆಗಸದ ಬೆಳಕು ಪಶ್ಚಿಮದ್ದಾಗಿ ಬಂಡೆಯ ನೆರಳೂ ಪಶ್ಚಿಮಕ್ಕೇ ಬಿದ್ದಿದ್ದರೆ ಜಮೆ-ಖರ್ಚು ತಾಳೆಯಾಗದು. ನೋಡುವವರಿಗೆ ಕಾರಣ ತಿಳಿಯದಿದ್ದರೂ ಕಣ್ಣು ಒಪ್ಪುವುದಿಲ್ಲ.

ಗೋಡೆಯ ಮೇಲೆ ತೂಗುಹಾಕುವವರೆಗೆ ಇದು ಕಲೆ. ಕಕ್ಷಿದಾರರೊಬ್ಬರು ಇಂತಹ ಚಿತ್ರವನ್ನು ತಮ್ಮ ವಸತಿಗೃಹದ ಕರಪತ್ರಕ್ಕೆ ಬಳಸಿದರು. ಏಪ್ರಿಲ್‌ನಲ್ಲಿ ಬಂದ ಕುಟುಂಬವು ಬರಿಬಂಡೆಯನ್ನು ಕಂಡು ಮುಂಗಡವನ್ನು ಮರಳಿ ಕೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆಂದು ತಿಳಿಸಿದೆ. ಈಗ ಚಿತ್ರದ ಕೆಳಗೆ ‘ಕಲ್ಪನಾಚಿತ್ರ’ ಎಂದೂ, ಪಕ್ಕದಲ್ಲಿ ಬೇಸಿಗೆಯ ನೈಜ ಚಿತ್ರವೂ ಇದೆ. ಮರಳಿಸಿದ ಮುಂಗಡವನ್ನು ಜಾಹೀರಾತು ವೆಚ್ಚಕ್ಕೆ ಬರೆಯಿರೆಂಬ ಅವರ ಸೂಚನೆಗೆ ಮಾತ್ರ ನಾನು ಸಮ್ಮತಿಸಲಿಲ್ಲ.