ಬೆಳಗದ ತುತ್ತು, ಬೆಳಗುವ ತಾಮ್ರ

ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಲೆಕ್ಕ ಇದು. ಒಂದು ಕಿಲೋ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇ 1ರ ಬೋರ್ಡೋ ದ್ರಾವಣ ತಯಾರು. ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿ ಬಳ್ಳಿಗೆಂದು ಪ್ರಕಟಿಸಿದ ಮದ್ದು ಅಡಿಕೆಗೆ ಹತ್ತಿದ್ದರಲ್ಲಿ ಲೆಸ್ಲಿ ಕೋಲ್ಮನ್ ಪಾತ್ರ ದೊಡ್ಡದು. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ಬುಲೆಟಿನ್ ಬರೆದರು.

ತಾಮ್ರದ ಬಗ್ಗೆ ನಮ್ಮ ಕಡೆಯ ಕೃಷಿಕರಿಗೆ ಗೊತ್ತಿರುವುದು ಕಡಿಮೆಯೇನಲ್ಲ. ತುತ್ತು ಕರಗಿಸಲು ಕಬ್ಬಿಣದ ಪಾತ್ರೆ ಕೂಡದು. ಮದ್ದಿನಲ್ಲಿ ಕತ್ತಿ ಅದ್ದಿ ತೆಗೆದಾಗ ಅಲಗು ಕೆಂಪಾದರೆ ಸುಣ್ಣ ಸಾಲದು. ಆದರೆ ಇದೇ ಲೋಹ ಬೆಳಕನ್ನೂ ಸೂಸುತ್ತದೆ, ಅದಕ್ಕೆ ಬೇಕಾದ ಪುಡಿಯನ್ನು ನೀರಿಲ್ಲದೆ, ಬರೇ ಅರೆದು ಮಾಡಬಹುದು ಎಂದರೆ ನಂಬುವವರು ಕಡಿಮೆ.

ತುತ್ತಿನ ನೀಲಿ ಬಂದದ್ದೇ ನೀರಿನಿಂದ. ಹರಳಿನೊಳಗೆ ಒಂದೊಂದು ತಾಮ್ರದ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳು ಅಂಟಿಕೊಂಡಿವೆ. ಐದನೆಯದು ಸಲ್ಫೇಟಿನ ಪಕ್ಕದಲ್ಲಿದೆ. ಪರೀಕ್ಷಾ ನಳಿಕೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ನೀರೆಲ್ಲ ಹೋಗಿ ಬಿಳಿ ಹುಡಿ ಉಳಿಯುತ್ತದೆ. ಒಂದು ಹನಿ ನೀರು ಬಿದ್ದರೆ ಪುನಃ ನೀಲಿ. ಲೋಹದ ಅಯಾನನ್ನು ಬೇರೆ ಅಣುಗಳು ಹೀಗೆ ಸುತ್ತುವರಿದ ವಸ್ತುವನ್ನೇ ರಸಾಯನಶಾಸ್ತ್ರದವರು ಕೋಆರ್ಡಿನೇಷನ್ ಸಂಯುಕ್ತ ಎನ್ನುತ್ತಾರೆ. ಅಂದರೆ ತೋಟದ ಕೊಟ್ಟಿಗೆಯಲ್ಲಿ ಚೀಲಗಟ್ಟಲೆ ಇರುವುದು ಅದೇ.

ಆದರೆ ತುತ್ತಿಗೆ ಎಷ್ಟು ಅತಿನೇರಳೆ ಬೆಳಕು ಬಿಟ್ಟರೂ ಅದು ಬೆಳಗುವುದಿಲ್ಲ. ಕಾರಣ ಒಂದೇ ಒಂದು ಎಲೆಕ್ಟ್ರಾನು. ತುತ್ತಿನ ತಾಮ್ರ ಎರಡು ಎಲೆಕ್ಟ್ರಾನು ಕಳಕೊಂಡದ್ದು; ಅದರ ಹೊರಗಿನ ‘ಡಿ’ ಕವಚ ಹತ್ತು ಸೀಟಿನ ಜೀಪಿನಲ್ಲಿ ಒಂಬತ್ತೇ ಜನ ಕೂತಂತೆ. ಖಾಲಿ ಸೀಟಿದ್ದರೆ ಒಳಗೊಳಗೇ ಜಾಗ ಬದಲಾಯಿಸುವುದು ಸುಲಭ. ಹೀರಿಕೊಂಡ ಬೆಳಕಿನ ಶಕ್ತಿ ಆ ಅದಲುಬದಲಿನಲ್ಲೇ ಸೋರಿ ಶಾಖವಾಗಿಬಿಡುತ್ತದೆ. ಒಂದೇ ಎಲೆಕ್ಟ್ರಾನು ಕಳಕೊಂಡ ತಾಮ್ರದಲ್ಲಿ ಹತ್ತೂ ಸೀಟು ಭರ್ತಿ, ಆ ಸೋರುವ ದಾರಿ ಬಂದ್. ಎಲೆಕ್ಟ್ರಾನು ಪಕ್ಕದ ಅಣುವಿಗೋ ಮೇಲಿನ ಮಟ್ಟಕ್ಕೋ ಹಾರಿ, ಹಿಂದಿರುಗುವಾಗ ಬೆಳಕು ಬಿಡುತ್ತದೆ.

ಈ ಎರಡನೆಯ ಬಗೆಯ ತಾಮ್ರ ನಮ್ಮೂರ ಕಾಲೇಜುಗಳಿಗೆ ಅಪರಿಚಿತವಲ್ಲ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು ಮೈಲುತುತ್ತದಲ್ಲಿ ಎಷ್ಟು ತಾಮ್ರ ಇದೆ ಎಂದು ಅಳೆದೇ ಇರುತ್ತಾರೆ. ನೀಲಿ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬಿದ್ದ ಕೂಡಲೇ ಫ್ಲಾಸ್ಕಿನಲ್ಲಿ ಕಂದು ಕೆಸರು. ಬ್ಯೂರೆಟ್ಟಿನಿಂದ ಹೈಪೊ (ಸೋಡಿಯಂ ಥಯೋಸಲ್ಫೇಟ್) ಬಿಡುತ್ತ ಹೋದರೆ ಅದು ತಿಳಿಹಳದಿಗೆ ಇಳಿಯುತ್ತದೆ. ಆಗ ಸ್ಟಾರ್ಚ್ ಹಾಕಿದರೆ ಕಡುನೀಲಿ, ಮತ್ತೆ ಕೆಲವು ಹನಿಗೆ ಆ ನೀಲಿಯೂ ಮಾಯ. ವಿದ್ಯಾರ್ಥಿ ರೀಡಿಂಗ್ ಬರೆದುಕೊಂಡು ಫ್ಲಾಸ್ಕನ್ನು ಸಿಂಕಿಗೆ ಬಗ್ಗಿಸುತ್ತಾನೆ. ತಳದಲ್ಲಿದ್ದ ಬಿಳಿ ಗಸಿಯನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಮಾರ್ಕ್ಸಿಲ್ಲ. ಅದುವೇ ತಾಮ್ರದ ಅಯೋಡೈಡ್, ಬೆಳಗುವ ತಾಮ್ರದ ಕಚ್ಚಾ ಮಾಲು.

ಈ ಗಸಿ ನೀರಿನಲ್ಲಿ ಕರಗದು, ಸಾಮಾನ್ಯ ದ್ರಾವಕಗಳಲ್ಲೂ ಸರಿಯಾಗಿ ಕರಗದು. ಅಸಿಟೊನೈಟ್ರೈಲಿನಂಥ ದುಬಾರಿ, ವಿಷದ ದ್ರಾವಕ ಸುರಿದು ಕರಗಿಸಿ, ಆಮೇಲೆ ಅದನ್ನೇ ಆವಿ ಮಾಡಿ ಓಡಿಸುವುದು ಹಳೆಯ ರೂಢಿ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ತೋರಿಸಿದ ದಾರಿ ಬೇರೆ. ತಾಮ್ರದ ಅಯೋಡೈಡಿಗೆ ಫಾಸ್ಫೀನ್ ಎಂಬ ರಂಜಕದ ಸಂಯುಕ್ತದ ಪುಡಿ ಸೇರಿಸಿ, ಪಿರಿಡೀನ್ ಜಾತಿಯ ದ್ರವ ತುಸು ಹನಿಸಿ, ಕಲ್ಬತ್ತಿನಲ್ಲಿ ಕೈಯಿಂದಲೇ ಅರೆದರು. ಬೆಳಗುವ ಪುಡಿ ಅಲ್ಲೇ ಸಿಕ್ಕಿತು. ಅರೆಯುವಾಗ ಹರಳು ಒಡೆದು ಹೊಸ ಮೈ ತೆರೆಯುತ್ತಲೇ ಇರುತ್ತದೆ, ಹನಿಸಿದ ದ್ರವ ಅದನ್ನು ಕೂಡಿಕೊಳ್ಳುತ್ತದೆ.

ಆಯುರ್ವೇದದವರು ಇದನ್ನು ಕೇಳಿ ನಗಬಹುದು. ಸುಳ್ಯದ ಆಯುರ್ವೇದ ಕಾಲೇಜಿನಲ್ಲಿ ರಸಶಾಸ್ತ್ರ ಓದುವ ಯಾರಿಗೂ ಕಜ್ಜಳಿ ಗೊತ್ತು: ಪಾದರಸ, ಗಂಧಕವನ್ನು ಖಲ್ವದಲ್ಲಿ ಹಾಕಿ, ಹೊಳಪು ಪೂರ್ತಿ ಸತ್ತು ಕಪ್ಪು ಹುಡಿಯಾಗುವ ತನಕ ಅರೆಯುವುದು. ದ್ರಾವಕವಿಲ್ಲದ ರಾಸಾಯನಿಕ ಕ್ರಿಯೆಗೆ ಅದಕ್ಕಿಂತ ಚೊಕ್ಕ ಉದಾಹರಣೆ ಬೇಕಿಲ್ಲ. ಹಾಗೆಂದು ಆಧುನಿಕ ರಸಾಯನಶಾಸ್ತ್ರವೆಲ್ಲ ನಮ್ಮಲ್ಲೇ ಇತ್ತು ಎಂದು ಹೊರಡುವುದು ಬೇಡ. ಅರೆಯುವ ಕೈ ಹಳೆಯದು, ಅರೆದದ್ದರೊಳಗೆ ಯಾವ ಅಣು ಎಲ್ಲಿ ಕೂತಿದೆ ಎಂಬ ತಿಳಿವಳಿಕೆ ಹೊಸದು.

ದ್ರಾವಕ ಬಿಡುವುದು ಖರ್ಚಿನ ಮಾತು ಮಾತ್ರ ಅಲ್ಲ. ಇಂಥ ಬಹಳಷ್ಟು ತಾಮ್ರದ ಸಂಯುಕ್ತಗಳು ಗಟ್ಟಿ ಪುಡಿಯಾಗಿದ್ದರೆ ಜೋರಾಗಿ ಬೆಳಗುತ್ತವೆ, ಕರಗಿಸಿದರೆ ಮಂಕಾಗುತ್ತವೆ. ದ್ರಾವಣದಲ್ಲಿ ಅಣುವಿಗೆ ಅಲ್ಲಾಡಲು, ಚಪ್ಪಟೆಯಾಗಲು ಎಡೆ ಸಿಗುತ್ತದೆ, ಕೆಲವೊಮ್ಮೆ ಬಿಡಿಬಿಡಿಯಾಗಿಯೇ ಹೋಗುತ್ತದೆ. ಶಕ್ತಿ ಪುನಃ ಶಾಖದ ಪಾಲು. ತೋಟದ ತಾಮ್ರ ಕೆಲಸ ಮಾಡುವುದು ಎಲೆ, ಕಾಯಿಯ ಮೇಲೆ ಒದ್ದೆಯಲ್ಲಿ ಸ್ವಲ್ಪಸ್ವಲ್ಪವೇ ಕರಗಿ. ಬೆಳಗುವ ತಾಮ್ರಕ್ಕೆ ಕರಗುವುದೇ ಆಗದು. ಗಾಳಿ, ತೇವ ತಾಗಿ ಇನ್ನೊಂದು ಎಲೆಕ್ಟ್ರಾನು ಹೋದರೆ ಅದೂ ತುತ್ತಿನ ದಾರಿ ಹಿಡಿದು ಕತ್ತಲಾಗುತ್ತದೆ. ಮೊಬೈಲಿನ ಒಎಲ್‌ಇಡಿ ಪರದೆಯ ಕೆಂಪು, ಹಸಿರಿಗೆ ಅಪರೂಪದ ಇರಿಡಿಯಂ ಬಿಟ್ಟು ಅಗ್ಗದ ತಾಮ್ರ ತರಬೇಕೆಂಬ ಪ್ರಯತ್ನಕ್ಕೆ ಈ ಬಾಳಿಕೆಯದೇ ದೊಡ್ಡ ತೊಡಕು.

ಈ ಬೆಳಕನ್ನು ಕಾಲೇಜಿನಲ್ಲಿ ನೋಡಬೇಕೆಂದರೆ ಫಾಸ್ಫೀನ್ ಬೇಡ, ಪಿರಿಡೀನ್ ಸಾಕು. ಸ್ಟಾರ್ಚ್ ಬೆರೆತ ಗಸಿ ಬೇಡ. ತಾಮ್ರದ ಅಯೋಡೈಡನ್ನು ಬೇರೆಯೇ ಮಾಡಿ, ಅಯೋಡಿನ್ನಿನ ಕಂದು ಹೋಗುವವರೆಗೆ ಹೈಪೊದಲ್ಲಿ, ಆಮೇಲೆ ನೀರಿನಲ್ಲಿ ತೊಳೆದು ಒಣಗಿಸಬೇಕು. ಪಿರಿಡೀನ್ ಕೆಟ್ಟ ವಾಸನೆಯದು, ಆರೋಗ್ಯಕ್ಕೆ ಒಳ್ಳೆಯದೂ ಅಲ್ಲ. ಫ್ಯೂಮ್ ಹುಡ್ ಇಲ್ಲದೆ ಮುಟ್ಟಬಾರದು. ಒಣಗಿದ ಪುಡಿಗೆ ಅದನ್ನು ಹನಿಸಿ ಅರೆದಾಗ ನಾಲ್ಕು ತಾಮ್ರ, ನಾಲ್ಕು ಅಯೋಡಿನ್ ಸೇರಿದ ಘನಾಕೃತಿಯ ಅಣು ಕೂಡಿಬಂದರೆ ಕಳ್ಳನೋಟು ನೋಡುವ ಅತಿನೇರಳೆ ದೀಪದಡಿ ಪುಡಿ ಹಳದಿಯಾಗಿ ಬೆಳಗುತ್ತದೆ. ದ್ರವ ಸಾರಜನಕದ ಮೈನಸ್ 196 ಡಿಗ್ರಿ ಚಳಿಯಲ್ಲಿ ಅದೇ ಪುಡಿಯ ಬೆಳಕು ನೀಲಿಗೆ ತಿರುಗುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಹಾರ್ಟ್ 1970ರ ದಶಕದಲ್ಲೇ ಈ ಬಣ್ಣ ಬದಲಾವಣೆಯನ್ನು ವಿವರಿಸಿದ್ದರು. ದ್ರವ ಸಾರಜನಕಕ್ಕೆ ಮಂಗಳೂರಿಗೆ ಓಡಬೇಕಾಗಿಲ್ಲ. ದನಗಳಿಗೆ ಇಂಜೆಕ್ಷನ್ ಕೊಡುವವರು ವೀರ್ಯದ ಕಡ್ಡಿ ಇಟ್ಟುಕೊಳ್ಳುವ ಕ್ಯಾನಿನಲ್ಲಿ ಇರುವುದು ಅದೇ. ಊರಿನ ಪಶು ವೈದ್ಯರನ್ನು ಕೇಳಿದರೆ ಒಂದು ಲೋಟದಷ್ಟು ಸಿಕ್ಕೀತು.